ಎಣಿಸಿದರೆ ಎರಡು

ನಮ್ಮೂರಿನಲ್ಲಿ ಪತ್ರ ಬರೆಯಲು ಕೂತವರು ಮೊದಲು ಕಾರ್ಬನ್ ಹಾಳೆ ಹುಡುಕುತ್ತಾರೆ, ಪೆನ್ನು ಆಮೇಲೆ. ಫೋಟೋ ತೆಗೆಸಿದರೆ ಎರಡು ಪ್ರತಿ, ಒಂದು ನಮ್ಮ ಗೋಡೆಗೆ, ಇನ್ನೊಂದು ಬೀಗರ ಗೋಡೆಗೆ. ಮಗುವಿನ ಜಾತಕ ಎರಡು, ಹೊಲದ ನಕ್ಷೆ ಎರಡು, ಉಪ್ಪಿನಕಾಯಿಯ ಅಳತೆ ಗೀಚಿಟ್ಟ ಚೀಟಿಯೂ ಎರಡು. ಯಾಕೆಂದರೆ ವರ್ಷಕ್ಕೊಮ್ಮೆ, ಜೋಳದ ಸುಗ್ಗಿ ಮುಗಿದ ಮೇಲಿನ ಮೊದಲ ಅಮಾವಾಸ್ಯೆಗೆ, ಒಂಟಿ ಸಂಜೆ ಬರುತ್ತದೆ. ಅವತ್ತು ಸೂರ್ಯ ಪೂರ್ತಿ ಇಳಿದ ಗಳಿಗೆಯಲ್ಲಿ, ಬರೆದದ್ದಾಗಲಿ, ಬಿಡಿಸಿದ್ದಾಗಲಿ, ಹಿಡಿದಿಟ್ಟ ದನಿಯಾಗಲಿ, ಊರಿನಲ್ಲಿ ಒಂದೇ ಒಂದು ಇದ್ದರೆ ಅದು ಹೋಗುತ್ತದೆ. ಹಾಳೆ ಇರುತ್ತದೆ, ಮೇಲೆ ಅಕ್ಷರ ಇರುವುದಿಲ್ಲ. ಬಾಯಿಪಾಠ ಮಾಡಿದ್ದೂ ನಮ್ಮಲ್ಲಿ ಒಂದು ಪ್ರತಿಯೇ. ಹಾಗಾಗಿ ಒಬ್ಬಳ ಬಾಯಲ್ಲಿ ಮಾತ್ರ ಉಳಿದ ಹಾಡೂ ಅವತ್ತೇ ಹೋಗುತ್ತದೆ. ಮರುದಿನ ಅವಳು ಬೀಸುಕಲ್ಲಿನ ಮುಂದೆ ಕೂತು ಮೊದಲ ಸಾಲಿಗೇ ತಡಕಾಡುತ್ತಾಳೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ಕೇಳಿದವರಿಗೆ ಏನೂ ಸಿಕ್ಕಿಲ್ಲ.

ನಾನು ಶಿವಲೀಲಾ, ಈ ಊರಿನ ದನಿಮನೆ ನೋಡಿಕೊಳ್ಳುವವಳು. ಚಾವಡಿಯ ಹಿಂದಿನ ಒಂದು ಕೋಣೆ, ಅದರಲ್ಲೊಂದು ಕಪಾಟು, ಕಪಾಟಿನಲ್ಲಿ ಲಿನಕ್ಸ್ ತಂತ್ರಾಂಶದಿಂದ ನಡೆಯುವ ಒಂದು ಸರ್ವರ್: ಇಷ್ಟೇ ದನಿಮನೆ. ಇನ್ನು ತಾನು ಹೆಚ್ಚು ದಿನ ಇಲ್ಲ ಎಂದು ಗೊತ್ತಾದವರು ಇಲ್ಲಿಗೆ ಬಂದು, ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ತಮ್ಮವರಿಗೆ ಹೇಳುವುದನ್ನು ಹೇಳಿ ಹೋಗುತ್ತಾರೆ. ಗಟ್ಟಿಮುಟ್ಟಾಗಿರುವಾಗಲೇ ದನಿ ಇಟ್ಟರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇರುವುದರಿಂದ ಯಾರೂ ಮುಂಚೆ ಬರುವುದಿಲ್ಲ. ಇಲ್ಲಿರುವ ದನಿಗಳೆಲ್ಲ ಹೋದವರವೇ.

ಸರ್ವರಿನೊಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದನ್ನು ಲಿನಕ್ಸ್ ತಾನಾಗಿ ಇನ್ನೊಂದರಲ್ಲೂ ಬರೆಯುತ್ತದೆ. ರೇಡ್ ಅನ್ನುತ್ತಾರೆ ಇದಕ್ಕೆ. ನಮ್ಮೂರಿಗೆಂದೇ ಯಾರೋ ಪುಣ್ಯಾತ್ಮರು ಮಾಡಿದ ಹಾಗಿದೆ. ಈ ಜೋಡಿಯ ಮೇಲೆ ವರ್ಷಕ್ಕೊಂದು ಕೋಣೆ ಕಟ್ಟುತ್ತೇವೆ. ವಾಲ್ಯೂಮ್ ಎಂದು ಅದರ ನಿಜವಾದ ಹೆಸರು, ನಮ್ಮ ಬಾಯಲ್ಲಿ ಕೋಣೆಯೇ. ಆ ವರ್ಷ ಹೋದವರ ದನಿಯೆಲ್ಲ ಆ ಕೋಣೆಯಲ್ಲಿ. ಜಾಗ ಸಾಲದಿದ್ದರೆ ಒಂದು ಕಮಾಂಡ್ ಕೊಟ್ಟರೆ ಸಾಕು, ಗೋಡೆ ಅಷ್ಟು ದೂರ ಸರಿದು ನಿಲ್ಲುತ್ತದೆ, ಒಳಗಿದ್ದವರು ಎದ್ದು ಜಾಗ ಬಿಡಬೇಕಾಗಿಲ್ಲ. ಹೋದ ವರ್ಷ ನಾನು ಒಂದೇ ಸಲ ಹಾಗೆ ಗೋಡೆ ಸರಿಸಿದೆ. ಒಂಬತ್ತನೆಯವರಿಗೆ ಜಾಗ ಸಾಲಲಿಲ್ಲ. ಆ ಒಂಬತ್ತನೆಯವರು ನನ್ನ ಗಂಡ ಗುರುಸಿದ್ದಪ್ಪ.

ಅವರದು ಹಿಟ್ಟಿನ ಗಿರಣಿ. ಮೂವತ್ತು ವರ್ಷ ಜೋಳದ ಹಿಟ್ಟು ಕುಡಿದ ಎದೆ. ಕೊನೆಯ ದಿನಗಳಲ್ಲಿ ಒಂದು ಮಾತಿಗೆ ಎರಡು ಕೆಮ್ಮು. ದನಿ ಇಡಲು ಬಂದಾಗ ನಾನೇ ಮೈಕು ಸರಿಮಾಡಿ ಹೊರಗೆ ಕಟ್ಟೆಯ ಮೇಲೆ ಕೂತೆ. ಮೂವತ್ತನಾಲ್ಕು ನಿಮಿಷ ಮಾತಾಡಿದರು. ನನ್ನೆದುರಿಗೆ ಒಂದು ಊಟದ ಹೊತ್ತು ಪೂರ್ತಿ ಮಾತಾಡದ ಮನುಷ್ಯ! ಹೊರಗೆ ಬಂದು, "ಆತು ನಡಿ" ಎಂದರು, ಅಷ್ಟೇ. ಎಂಟು ದಿನಕ್ಕೆ ಹೋದರು. ಆ ದನಿಯನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿ ಮುಗಿಸಿದರೆ ಅವರು ನನಗೆ ಹೇಳುವುದು ಇನ್ನೇನೂ ಉಳಿಯುವುದಿಲ್ಲವಲ್ಲ ಎಂಬ ಹೆದರಿಕೆ. ಎಲ್ಲಿಗೂ ಹೋಗುವುದಿಲ್ಲ, ಎರಡು ಡಿಸ್ಕಿನಲ್ಲಿದೆ, ಗಟ್ಟಿಯಾದ ಮೇಲೆ ಕೇಳೋಣ ಎಂದುಕೊಂಡೆ. ದಿನಾ ಬೆಳಿಗ್ಗೆ ಪರದೆಯ ಮೇಲಿನ ಪಟ್ಟಿಯಲ್ಲಿ ಅವರ ಹೆಸರು ನೋಡಿ, ಇದೆ ಎಂದು ಸಮಾಧಾನ ಮಾಡಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ.

ಕೇಳುವವರು ಯಾರು ಎಂದರೆ ಫಕೀರವ್ವ. ಎಪ್ಪತ್ತು ದಾಟಿದ ಹೆಂಗಸು, ಊರಿಗೆಲ್ಲ ಕೌದಿ ಹೊಲಿದುಕೊಡುತ್ತಾಳೆ. ಅವಳ ಒಬ್ಬಳೇ ಮಗಳು ಮಲ್ಲವ್ವ ಗುರುಸಿದ್ದಪ್ಪನವರಿಗಿಂತ ಎರಡು ತಿಂಗಳು ಮೊದಲು ಹೋದಳು. ಅವತ್ತಿನಿಂದ ದಿನಾ ಹನ್ನೊಂದಕ್ಕೆ ಫಕೀರವ್ವ ಬಂದು, ಸ್ಪೀಕರಿನ ಪಕ್ಕ ಕೂತು, ಮಗಳ ಹನ್ನೆರಡು ನಿಮಿಷ ಕೇಳಿ, ಸೆರಗು ಕೊಡವಿಕೊಂಡು ಹೋಗುತ್ತಿದ್ದಳು. ನನಗೆ ಒಳಗೊಳಗೇ ಕಿರಿಕಿರಿ. ಒಂದು ದಿನ ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ಆಯಿ, ದಿನಾ ಹಿಂಗ ಕೇಳಿದ್ರ ಡಿಸ್ಕ್ ಸವೀತೈತಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸವೀಲಿ ತಗೊ, ಲೀಲವ್ವ. ಟ್ರಂಕಿನಾಗ ಇಟ್ಟ ಕೌದಿ ಯಾರಿಗೆ ಬೆಚ್ಚಗ ಮಾಡತೈತಿ?" ಎಂದಳು. ನಾನು ಪೊರಕೆ ತೆಗೆದುಕೊಂಡು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ.

ದನಿಮನೆಗೆ ಒಂದು ಪದ್ಧತಿ ಇದೆ. ಪ್ರತಿ ಅಮಾವಾಸ್ಯೆಗೆ ಕಪಾಟು ತೆರೆದು, ಓಣಿಗೊಬ್ಬರಂತೆ ಬಂದವರಿಗೆ ಡಿಸ್ಕು ತೋರಿಸುವುದು. ಅವರು ಬೆರಳು ಮಾಡಿ, "ಒಂದು, ಎರಡು" ಎಂದು ಎಣಿಸಿ, ಕೊನೆಗೆ ಎಲ್ಲರೂ ಸೇರಿ "ಎರಡು!" ಎಂದು ಗಟ್ಟಿಯಾಗಿ ಹೇಳುತ್ತಾರೆ. ನಮ್ಮೂರಿನವರ ಕಣ್ಣು ಹುಟ್ಟಿನಿಂದಲೇ ಎರಡನ್ನು ಎಣಿಸಿ ಪಳಗಿದ ಕಣ್ಣು. ಎರಡು ಪೆಟ್ಟಿಗೆ, ಎರಡು ಹಸಿರು ದೀಪ ಕಂಡರೆ ಮುಗಿಯಿತು, ಆ ರಾತ್ರಿ ಸುಖನಿದ್ದೆ. ನಾನೂ ಅದೇ ಊರಿನವಳು. ಎಣಿಸಿದ್ದನ್ನು ತಿಂಗಳು ತಿಂಗಳೂ ಯಂತ್ರವನ್ನು ಕೇಳಿ ನೋಡಬೇಕು ಎಂದು ನನಗೂ ಹೊಳೆಯಲಿಲ್ಲ.

ಒಂಟಿ ಸಂಜೆಯ ದಿನ ಬೆಳಿಗ್ಗೆ ಆರೂವರೆಗೆ ಹೋಗಿ ಬಾಗಿಲು ತೆರೆದೆ. ಅವತ್ತು ಊರ ಪಂಚರಿಗೆ ಒಂದು ವರದಿ ಕೊಡಬೇಕು, ಅದಕ್ಕಾಗಿ ವರ್ಷಕ್ಕೊಮ್ಮೆ ಕೇಳುವ ಹಾಗೆ ಯಂತ್ರವನ್ನು ಕೇಳಿದೆ: ಜೋಡಿ ಹೇಗಿದೆ? ಎರಡು ಡಿಸ್ಕೂ ಸರಿಯಿದ್ದರೆ ಪರದೆಯ ಮೇಲೆ ಎರಡು ಅಕ್ಷರ ಒಟ್ಟಿಗೆ ಬರುತ್ತವೆ. ಅವತ್ತು ಒಂದು ಅಕ್ಷರ ಬಂತು, ಪಕ್ಕದಲ್ಲಿ ಒಂದು ಅಡ್ಡಗೆರೆ. ಹಿಂದಿನ ದಾಖಲೆ ತೆಗೆದು ನೋಡಿದೆ. ಎಂಟು ತಿಂಗಳ ಹಿಂದೆಯೇ ಎರಡನೆಯ ಡಿಸ್ಕು ಒಮ್ಮೆ ತಡವರಿಸಿದೆ, ಯಂತ್ರ ಅದನ್ನು ಜೋಡಿಯಿಂದ ಹೊರಗೆ ಹಾಕಿದೆ. ಹೊರಗೆ ಹಾಕಿದ ಡಿಸ್ಕೂ ತಿರುಗುತ್ತದೆ, ಅದರ ದೀಪವೂ ಹಸಿರಾಗಿಯೇ ಉರಿಯುತ್ತದೆ, ಆದರೆ ಅದರಲ್ಲಿ ಯಾರೂ ಏನೂ ಬರೆಯುವುದಿಲ್ಲ. ಯಂತ್ರ ಸುಮ್ಮನಿರಲಿಲ್ಲ, ಪಾಪ. ದಿನಕ್ಕೊಂದು ಇಮೇಲ್ ಕಳಿಸಿದೆ. ಎಲ್ಲವೂ ನನಗಿಂತ ಮೊದಲು ಇಲ್ಲಿದ್ದ ಪ್ರಹ್ಲಾದರಾಯರ ವಿಳಾಸಕ್ಕೆ ಹೋಗಿವೆ. ರಾಯರು ತೀರಿಕೊಂಡು ಎರಡು ವರ್ಷ. ವಿಳಾಸ ಬದಲಿಸುವುದು ನನ್ನ ಕೆಲಸವಾಗಿತ್ತು, ನಾನು ಬದಲಿಸಿರಲಿಲ್ಲ.

ಎಂಟು ತಿಂಗಳ ಹಿಂದಿನವರೆಗಿನದೆಲ್ಲ ಎರಡರಲ್ಲೂ ಇತ್ತು. ಆಮೇಲೆ ಬಂದ ಒಂಬತ್ತು ಮಂದಿಯ ದನಿ ಮಾತ್ರ ಒಂದೇ ಡಿಸ್ಕಿನಲ್ಲಿ, ಮಲ್ಲವ್ವನದೂ ನನ್ನ ಗಂಡನದೂ ಅದರಲ್ಲೇ. ಸಂಜೆ ಆರೂವರೆಗೆ ಸೂರ್ಯಾಸ್ತ. ಕೈಯಲ್ಲಿ ಇಡೀ ಒಂದು ಹಗಲಿದೆಯಲ್ಲ ಎಂದುಕೊಂಡೆ. ಹೊರಬಿದ್ದ ಡಿಸ್ಕನ್ನು ಮತ್ತೆ ಜೋಡಿಗೆ ಸೇರಿಸುವ ಕಮಾಂಡ್ ಕೊಟ್ಟೆ. ಯಂತ್ರ ಮೊದಲ ಅಂಚಿನಿಂದ ಕೊನೆಯ ಅಂಚಿನವರೆಗೆ ಎಲ್ಲವನ್ನೂ ಹೊಸದಾಗಿ ನಕಲು ಮಾಡುತ್ತ ಹೊರಟಿತು. ಒಂಬತ್ತು ಗಂಟೆಯ ಕೆಲಸ, ನಾಲ್ಕರೊಳಗೆ ಮುಗಿಯುತ್ತದೆ ಎಂದು ತೋರಿಸಿತು. ಬೆಳಿಗ್ಗೆಯೇ ಆ ಒಂಬತ್ತನ್ನು ಎತ್ತಿ ಬೇರೆಡೆ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಂತ್ರ ಮಾಡುತ್ತದಲ್ಲ, ನಾನೇಕೆ ಕೈಹಾಕಲಿ ಎಂದು ಕೂತೆ. ಯಾರಿಗೂ ಹೇಳಲೂ ಇಲ್ಲ. ಸಂಜೆಯೊಳಗೆ ಸರಿಹೋದರೆ ನನ್ನ ತಪ್ಪು ನನ್ನಲ್ಲೇ ಉಳಿಯುತ್ತದೆ ಎಂಬ ಆಸೆ. ಹನ್ನೊಂದಕ್ಕೆ ಬಂದ ಫಕೀರವ್ವನನ್ನು, "ಇವತ್ತ ಬ್ಯಾಡ ಆಯಿ, ಯಂತ್ರಕ್ಕ ಕೆಲಸ ಐತಿ," ಎಂದು ಬಾಗಿಲಿನಲ್ಲೇ ತಡೆದೆ. ಅವಳು ಹೋಗಲಿಲ್ಲ. ಹೊರಗೆ ಕಟ್ಟೆಯ ಮೇಲೆ ಸೂಜಿದಾರ ತೆಗೆದು ಕೂತಳು.

ಎರಡು ಗಂಟೆಗೆ ನಕಲು ಕೊನೆಯ ಕೋಣೆಯ ಬಾಗಿಲಿಗೆ ಬಂತು, ಅಲ್ಲಿ ಕುಂಟತೊಡಗಿತು. ಇಷ್ಟು ದಿನ ಒಂಟಿಯಾಗಿ ದುಡಿದ ಡಿಸ್ಕು ಆ ಅಂಚಿನಲ್ಲಿ ಹಾಳಾಗಿತ್ತು. ಒಳಗಿನಿಂದ ಟಕ್ ಟಕ್ ಎಂಬ ಸದ್ದು. ಮುಗಿಯಲು ಇನ್ನು ಎರಡು ದಿನ ಬೇಕೆಂದು ಪರದೆ ಹೇಳಿತು. ಹಳೆಯ ಕೋಣೆಗಳೆಲ್ಲ ಎರಡು ಕಡೆ ಆಗಿದ್ದವು. ಒಂಬತ್ತು ಮಂದಿಯ ಕೋಣೆ ಮಾತ್ರ ಹಾಗೇ ಇತ್ತು. ನಾನು ಎದ್ದು ಹೊರಗೆ ಹೋಗಿ ಫಕೀರವ್ವನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, "ಅಳೂದು ನಾಳೆ. ಉಳಿದವರನ್ನ ಕರಿ," ಎಂದಳು.

ಅರ್ಧ ಗಂಟೆಯೊಳಗೆ ಏಳು ಮನೆಯವರೂ ಬಂದರು. ಮೊದಲು ಬಂದವನು ಬಡಿಗೇರ ಮೌನೇಶ, ಅವನ ತಂದೆಯ ದನಿ ಅಲ್ಲಿತ್ತು. ನಾನು ಅವನ ಮುಖ ನೋಡಲಾರದೆ ನೆಲ ನೋಡುತ್ತ ನಿಂತಿದ್ದೆ. "ಎರಡು ಅಂತ ನಾನೂ ಒದರಿದ್ನೆಲ್ಲ ಅಕ್ಕಾರ, ಹೋದ ಅಮಾಸಿಗೆ," ಎಂದ ಅವನು. ಅದನ್ನು ಕೇಳಿ ನನಗೆ ಹಗುರವಾಗಲಿಲ್ಲ, ಇನ್ನಷ್ಟು ಭಾರವಾಯಿತು.

ಯಂತ್ರದ ನಕಲನ್ನು ನಿಲ್ಲಿಸಿ, ಒಂದೊಂದೇ ದನಿಯನ್ನು ಪೆನ್ ಡ್ರೈವಿಗೆ ಎತ್ತುವುದೊಂದೇ ದಾರಿ. ಡಿಸ್ಕು ಎಷ್ಟು ನಿಧಾನವಾಗಿತ್ತೆಂದರೆ ಒಂದು ದನಿ ಎತ್ತಲು ಅರ್ಧ ಗಂಟೆ ಬೇಕು. ಎರಡನ್ನು ಒಟ್ಟಿಗೆ ಕೇಳಿದರೆ ಎರಡೂ ಸಿಗುವುದಿಲ್ಲ. ಅರ್ಧ ಎತ್ತಿದ ದನಿ ತೆರೆಯುವುದೇ ಇಲ್ಲ. ಎರಡೂವರೆಯಿಂದ ಆರೂವರೆ, ಒಂಬತ್ತು ದನಿ. ಲೆಕ್ಕ ಎಲ್ಲರಿಗೂ ತಿಳಿಯಿತು. ಯಾರದು ಮೊದಲು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಫಕೀರವ್ವ ನಡುವೆ ಬಂದು ನಿಂತಳು. "ನನ್ನ ಮಗಳದು ಎತ್ತೂದು ಬ್ಯಾಡ. ಅಕಿ ಹನ್ನೆರಡು ನಿಮಿಷಾನೂ ನನ್ನ ಬಾಯಾಗ ಐತಿ, ಉಸರ ತಗೊಳ್ಳೂದು ಸೈತ. ಡಿಸ್ಕಿನಾಗ ಒಂದು, ನನ್ನ ಹತ್ರ ಒಂದು, ಎರಡಾತು." ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. "ನಿನಗ ಎಷ್ಟ ಬಾಯಿಗೆ ಬರತೈತಿ? ನಿನಗ?" ಕಡಿಮೆ ಕೇಳಿದವರು ಮೊದಲು, ಹೆಚ್ಚು ಕೇಳಿದವರು ಆಮೇಲೆ, ಇದು ಅವಳು ಹಾಕಿದ ಸಾಲು. ನ್ಯಾಯವಾದ ಸಾಲು, ಎಲ್ಲರೂ ಒಪ್ಪಿದರು. ಕೊನೆಗೆ ನನ್ನ ಕಡೆ ತಿರುಗಿ, "ನಿನ್ನ ಗಂಡಂದು ನಿನಗ ಬರತೈತೇನು?" ಎಂದಳು.

ಆ ಲೆಕ್ಕದಲ್ಲಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವಳು ನಾನು. ಒಂದಕ್ಷರವೂ ಕೇಳದವಳು ನಾನೊಬ್ಬಳೇ. ಆದರೆ ಎಂಟು ತಿಂಗಳು ಕುರುಡಾಗಿ ಎಲ್ಲರನ್ನೂ ಈ ಸಾಲಿಗೆ ತಂದು ನಿಲ್ಲಿಸಿದವಳೂ ನಾನೇ. "ಬರತೈತಿ ಆಯಿ, ಪೂರಾ ಬರತೈತಿ," ಎಂದೆ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದಿಲ್ಲ.

ಒಂದಾದ ಮೇಲೊಂದು ಎತ್ತಿದೆವು. ಆ ಮಧ್ಯಾಹ್ನ ದನಿಮನೆಯಲ್ಲಿ ಒಂದು ದನಿಯೂ ಕೇಳಿಸಲಿಲ್ಲ, ಡಿಸ್ಕಿನ ಟಕ್ ಟಕ್ ಮಾತ್ರ. ಒಂದು ಮುಗಿದಾಗ ಆ ಮನೆಯವರು ಪೆನ್ ಡ್ರೈವನ್ನು ಸೆರಗಿನಲ್ಲೋ ರುಮಾಲಿನಲ್ಲೋ ಸುತ್ತಿಕೊಂಡು ಹೋಗದೆ ಅಲ್ಲೇ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ತಮ್ಮದಾಯಿತೆಂದು ಮೊದಲು ಮನೆಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಏಳನೆಯದು, ಮೌನೇಶನ ತಂದೆಯದು, ಮುಗಿದಾಗ ಆರು ಗಂಟೆ ಹತ್ತು ನಿಮಿಷ. ಕಿಟಕಿಯ ಬಿಸಿಲು ಗೋಡೆಯ ಮೇಲಿನ ಮೊಳೆಯವರೆಗೆ ಏರಿತ್ತು. ಆಗ ಎಲ್ಲರನ್ನೂ ಕೈಮುಗಿದು ಮನೆಗೆ ಕಳಿಸಿದೆ. ಒಂಟಿ ಸಂಜೆಗೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿರಬೇಕು.

ಫಕೀರವ್ವ ಮಾತ್ರ ಕದಲಲಿಲ್ಲ. "ಈಗ ನಿಂದು," ಎಂದಳು.

"ನನಗ ಬರತೈತಿ ಅಂದ್ನೆಲ್ಲ ಆಯಿ."

"ಹಂಗಾರ ಹೇಳು. ಮೊದಲನೇ ಮಾತ ಏನು?"

ನಾನು ಬಾಯಿ ತೆರೆದೆ. ಏನಿರುತ್ತದೆ ಅಲ್ಲಿ? ಮೂವತ್ತನಾಲ್ಕು ನಿಮಿಷದಲ್ಲಿ ಮೊದಲ ಮಾತು ಯಾವುದು? ನನಗೆ ಅಳು ಒತ್ತರಿಸಿ ಬಂತು, ಬೆಳಿಗ್ಗೆಯಿಂದ ಬಾರದ ಅಳು. ಫಕೀರವ್ವ ನನ್ನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಎತ್ತಾಕ ಹೊತ್ತಿಲ್ಲ. ಹಚ್ಚು ಅದನ್ನ. ಕೇಳೂಣು."

"ಇಪ್ಪತ್ತು ನಿಮಿಷದಾಗ ನನಗ ಪಾಠ ಆಗತೈತೇನು? ಆದ್ರೂ ನನ್ನ ಹತ್ರ ಒಂದ ಪ್ರತಿ. ಈ ಡಿಸ್ಕ್ ಇನ್ನೇನು ಸಾಯತೈತಿ."

"ನಾ ಎದಕ್ಕ ಅದೀನಿ? ನಾನೂ ಕೇಳತೀನಿ. ನೀ ಒಂದು, ನಾ ಒಂದು. ಎಣಿಸು."

ಹಚ್ಚಿದೆ. ಬಹಳ ಹೊತ್ತು ಏನೂ ಇಲ್ಲ, ಟಕ್ ಟಕ್. ಆಮೇಲೆ ಸ್ಪೀಕರಿನಲ್ಲಿ ಒಂದು ಕೆಮ್ಮು, ಅವರದು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಡಿಸ್ಕು ಒಂದು ಮಾತು ಕೊಟ್ಟು ನಿಲ್ಲುತ್ತಿತ್ತು, ಒಂದು ನಿಮಿಷ ತಡಕಾಡಿ ಇನ್ನೊಂದು ಮಾತು ಕೊಡುತ್ತಿತ್ತು. ಆ ತಡೆಯೇ ನಮಗೆ ಉಪಕಾರವಾಯಿತು. ಒಂದು ಮಾತು ಬಂದೊಡನೆ ಫಕೀರವ್ವ ಅದನ್ನು ಹೇಳುತ್ತಿದ್ದಳು, ಅವಳ ಹಿಂದೆ ನಾನು, ಮತ್ತೆ ಇಬ್ಬರೂ ಸೇರಿ ಮೊದಲಿನಿಂದ.

"ಲೀಲಾ. ಕೆಂಪು ದೀಪ ಹತ್ತೇತಿ. ಶುರು ಆತಂತ ಕಾಣತೈತಿ." ಒಂದು ನಿಮಿಷ. "ಏನ ಹೇಳಬೇಕೋ ತಿಳೀವಲ್ದು. ಗಿರಣಿ ಬೆಲ್ಟ್ ಸಡಲಾಗೇತಿ." ಕೆಮ್ಮು, ಎರಡು ಸಲ. "ಯಾರಿಗರ ಹೇಳಿ ಬಿಗಿ ಮಾಡಸು. ಇಲ್ಲಾಂದ್ರ ಹಿಟ್ಟು ದಪ್ಪ ಬೀಳತೈತಿ." ಮತ್ತೆ ಟಕ್ ಟಕ್. ಬಿಸಿಲು ಮೊಳೆ ದಾಟಿ ಸೂರಿಗೆ ಹತ್ತಿತ್ತು. "ನೀ ನನಗ ಚಾ ಕೊಟ್ಟು, ಆಮ್ಯಾಲ ಕಸ ಹೊಡದು, ಆರಿದ್ದು ಕುಡೀತಿದ್ದಿ. ಮೂವತ್ತು ವರ್ಷ ನೋಡೀನಿ. ಹೇಳಲಿಲ್ಲ. ಇನ್ನಮ್ಯಾಲ ಬಿಸಿ ಇದ್ದಾಗ ಕುಡಿ." ನನಗೆ ಈ ಮಾತನ್ನು ತಿರುಗಿ ಹೇಳಲಾಗಲಿಲ್ಲ. ಫಕೀರವ್ವ ನನ್ನ ಬೆನ್ನಿಗೆ ಗುದ್ದಿದಳು. "ಹೇಳು. ಆಮ್ಯಾಲ ಅಳು." ಹೇಳಿದೆ. "ನೀ ಇದನ್ನ ಕೇಳೂದಿಲ್ಲ, ನನಗ ಗೊತ್ತೈತಿ. ಐತಿಲ್ಲೋ ಅಂತ ದಿನಾ ಬಾಗಲಾ ತಗದ ನೋಡತೀ, ಒಳಗ ಬರೂದಿಲ್ಲ. ಇರಲಿ." ಅಲ್ಲಿ ಒಂದು ಸಣ್ಣ ನಗು. ನಾನು ಮರೆತೇಬಿಟ್ಟಿದ್ದ ನಗು. "ಲೀಲಾ, ಗಿರಣಿ ಹಿಂದಿನ ಗ್ವಾಡಿ ಹತ್ರ..."

ಸೂರಿನ ಬಿಸಿಲು ಆರಿತು. ಟಕ್ ಟಕ್ ಹಾಗೇ ಇತ್ತು, ದನಿ ಬರಲಿಲ್ಲ. ಪಟ್ಟಿ ನೋಡಿದೆ. ಎಂಟು ಹೆಸರಿದ್ದವು. ಒಂಬತ್ತನೆಯ ಸಾಲು ಖಾಲಿ, ನಾನು ಅವರಿಗಾಗಿ ಗೋಡೆ ಸರಿಸಿ ಮಾಡಿದ ಜಾಗ ಮಾತ್ರ ಹಾಗೇ ಇತ್ತು. ಮೂವತ್ತನಾಲ್ಕು ನಿಮಿಷದಲ್ಲಿ ನಮ್ಮ ಕೈಗೆ ಬಂದದ್ದು ಎರಡು ನಿಮಿಷವೂ ಇಲ್ಲ. ಮರುದಿನ ಗಿರಣಿಯ ಹಿಂದೆ ಹೋಗಿ ನೋಡಿದೆ. ಆಮೇಲೂ ಎರಡು ಸಲ ಹೋಗಿ ನೋಡಿದ್ದೇನೆ. ಅಲ್ಲಿ ಗೋಡೆ ಇದೆ, ಬುಡದಲ್ಲಿ ಸ್ವಲ್ಪ ತಂಗಟೆ ಗಿಡ ಬೆಳೆದಿದೆ, ಬೇರೇನಿಲ್ಲ.

ಮರುದಿನದಿಂದ ಮಲ್ಲವ್ವನ ದನಿ ಎತ್ತಲು ಎಷ್ಟು ಹೆಣಗಿದರೂ ಡಿಸ್ಕು ಕೊಡಲಿಲ್ಲ, ಒಂದು ವಾರಕ್ಕೆ ಅದು ಪೂರ್ತಿ ಸತ್ತಿತು. ಈಗ ಎರಡು ಹೊಸ ಡಿಸ್ಕು ಬಂದಿವೆ, ಏಳು ಮನೆಯವರೂ ಪೆನ್ ಡ್ರೈವ್ ತಂದುಕೊಟ್ಟು ಅವರವರ ದನಿಯನ್ನು ಮತ್ತೆ ಕೋಣೆಗೆ ಸೇರಿಸಿದ್ದಾರೆ. ಇಮೇಲ್ ನನಗೆ ಬರುತ್ತದೆ, ಮೌನೇಶನಿಗೂ ಬರುತ್ತದೆ. ಅಮಾವಾಸ್ಯೆಗೆ ಈಗಲೂ ಎಣಿಸುತ್ತೇವೆ, ಎಣಿಸಿದ ಮೇಲೆ ಯಂತ್ರವನ್ನೂ ಕೇಳುತ್ತೇವೆ. ಆದರೆ ಮಲ್ಲವ್ವನ ದನಿ ಆ ಡಿಸ್ಕಿನೊಂದಿಗೇ ಹೋಯಿತು. ಅದು ಈಗ ಅವಳ ತಾಯಿಯ ಬಾಯಲ್ಲಿ ಮಾತ್ರ. ಮುಂದಿನ ಒಂಟಿ ಸಂಜೆಯೊಳಗೆ ಅದಕ್ಕೊಂದು ಜೊತೆ ಬೇಕು.

ಹಾಗಾಗಿ ದಿನಾ ಹನ್ನೊಂದಕ್ಕೆ ನಾನೇ ಫಕೀರವ್ವನ ಮನೆಗೆ ಹೋಗುತ್ತೇನೆ. ಅವಳು ಒಲೆಯ ಮೇಲಿಂದ ನೇರವಾಗಿ ಲೋಟಕ್ಕೆ ಚಹಾ ಸುರಿದು ನನ್ನ ಮುಂದಿಟ್ಟು, ಕುಡಿದು ಮುಗಿಸುವವರೆಗೆ ಸೂಜಿ ಮುಟ್ಟುವುದಿಲ್ಲ. ಆಮೇಲೆ ಮಗಳ ಮಾತು ಹೇಳುತ್ತಾಳೆ: "ಅವ್ವಾ, ಗುಳಿಗಿ ತಗೊಂಡಿಯೇನು? ಸುಳ್ಳ ಹೇಳಬ್ಯಾಡ..." ನಾನು ಹಿಂದೆ ಹಿಂದೆ ಹೇಳುತ್ತೇನೆ, ಒಂಬತ್ತು ನಿಮಿಷದವರೆಗೆ ಬಂದಿದ್ದೇನೆ. ಅದಾದ ಮೇಲೆ ನನ್ನ ಸರದಿ. ನಿನ್ನೆ ನಾನು ಕಣ್ಣು ಮುಚ್ಚಿಕೊಂಡು, ಲೀಲಾ, ಕೆಂಪು ದೀಪ ಹತ್ತೇತಿ ಎಂದು ಶುರುಮಾಡಿ, ಎಲ್ಲಿಯೂ ತಡೆಯದೆ ಗೋಡೆಯವರೆಗೆ ಹೇಳಿ ಮುಗಿಸಿದೆ. ಸರಿಯಾಗಿ ಬಂತೆಂದು ನನಗೇ ಹೆಮ್ಮೆಯಾಗಿತ್ತು. ಕಣ್ಣು ತೆರೆದರೆ ಫಕೀರವ್ವ ಸೂಜಿ ಎತ್ತಿ ಹಿಡಿದು ತಲೆ ಅಲ್ಲಾಡಿಸುತ್ತಿದ್ದಳು.

"ಕೆಮ್ಮು ಬಿಟ್ಟಿ," ಎಂದಳು. "ಬೆಲ್ಟ್ ಸಡಲಾಗೇತಿ ಅಂದ ಮ್ಯಾಲ ನಿನ್ನ ಗಂಡ ಕೆಮ್ಮತಾನ. ಎರಡ ಸಲ. ಮತ್ತ ಮೊದಲಿಂದ ಹೇಳು."

ನಾನು ಎರಡು ಸಲ ಕೆಮ್ಮಿ ನೋಡಿಕೊಂಡು, ಮೊದಲಿನಿಂದ ಹೇಳಿದೆ.